ಫ್ರೆಂಚ್ ಮುತ್ತಜ್ಜಿಯ ಮೂಲ ಹುಡುಕುವುದು ಹೇಗೆ?

‘ನಮ್ಮ ಮುತ್ತಜ್ಜಿ ಫ್ರೆಂಚರ ಪೈಕಿಯಂತೆ, ಪಾಂಡಿಚೇರಿ ಕಡೆಯವಳಂತೆ.’ ಬೆಂಗಳೂರು, ಮೈಸೂರಿನ ಕೆಲವು ಹಳೆಯ ಕ್ರೈಸ್ತ ಮನೆಗಳಲ್ಲಿ, ಆಂಗ್ಲೋ-ಇಂಡಿಯನ್ ಕುಟುಂಬಗಳಲ್ಲಿ, ತಮಿಳುನಾಡಿನಿಂದ ಬಂದು ನೆಲೆಸಿದವರಲ್ಲಿ ಇಂಥ ಮಾತು ಕೇಳಿಬರುವುದುಂಟು. ಮಾತು ಅಲ್ಲಿಗೇ ನಿಲ್ಲುತ್ತದೆ. ಅವಳ ಹೆಸರೇನು, ತಂದೆ ತಾಯಿ ಯಾರು, ಎಲ್ಲಿ ಹುಟ್ಟಿದಳು ಎಂದು ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ.

ಹೆಂಗಸರ ವಂಶ ಹುಡುಕುವುದು ಕಷ್ಟ, ಮದುವೆಯಾದೊಡನೆ ಹೆಸರು ಬದಲಾಗಿ ಜಾಡು ತಪ್ಪುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬ್ರಿಟಿಷ್ ದಾಖಲೆಗಳ ಮಟ್ಟಿಗೆ ಅದು ಬಹುಪಾಲು ನಿಜ. ಫ್ರೆಂಚ್ ಆಡಳಿತದ ಪದ್ಧತಿ ಬೇರೆ. ಅಲ್ಲಿ ಹೆಣ್ಣು ತವರಿನ ಹೆಸರಲ್ಲೇ ಮದುವೆಯಾಗುತ್ತಾಳೆ, ಆ ಹೆಸರಲ್ಲೇ ಮಕ್ಕಳ ಜನನ ದಾಖಲಾಗುತ್ತದೆ, ಆ ಹೆಸರಲ್ಲೇ ಅವಳ ಮರಣವನ್ನೂ ಬರೆಯುತ್ತಾರೆ. ಗಂಡನ ಹೆಸರು ಪಕ್ಕದಲ್ಲಿ ಬರುತ್ತದೆ, ಅಷ್ಟೇ. ಹಾಗಾಗಿ ಫ್ರೆಂಚ್ ವಸಾಹತಿನ ಪೂರ್ವಜೆಯನ್ನು ಹುಡುಕುವವರು ಮೊದಲು ಪತ್ತೆ ಮಾಡಬೇಕಾದದ್ದು ಅವಳ ತವರಿನ ಹೆಸರು. ಅದೊಂದು ಸಿಕ್ಕರೆ ಮಿಕ್ಕ ದಾಖಲೆಗಳನ್ನು ಒಂದೊಂದಾಗಿ ಕೂಡಿಸಿಕೊಳ್ಳಬಹುದು.

ಭಾರತದ ಫ್ರೆಂಚ್ ನೆಲೆಗಳನ್ನು ಮುಖ್ಯವಾಗಿಟ್ಟುಕೊಂಡು, ಮನೆಯಿಂದ ಆರಂಭಿಸಿ ಫ್ರಾನ್ಸಿನ ದಾಖಲೆ ಸಂಗ್ರಹದವರೆಗೆ ಹೋಗುವ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಕೊಡಲಾಗಿದೆ.

ಮೊದಲು ಒಂದಿಷ್ಟು ಹಿನ್ನೆಲೆ

ಫ್ರೆಂಚ್ ಈಸ್ಟ್ ಇಂಡಿಯಾ ಕಂಪನಿ ಸ್ಥಾಪನೆಯಾದದ್ದು 1664ರಲ್ಲಿ. ಮುಂದೆ ಭಾರತದಲ್ಲಿ ಅವರಿಗೆ ಐದು ನೆಲೆಗಳು ಉಳಿದವು: ಪಾಂಡಿಚೇರಿ, ಕಾರೈಕಲ್, ಮಲಬಾರ್ ಕರಾವಳಿಯ ಮಾಹೆ, ಗೋದಾವರಿ ಮುಖಜದ ಯಾನಂ, ಬಂಗಾಳದ ಚಂದ್ರನಗರ. ಪಾಂಡಿಚೇರಿ ಹಲವು ಸಲ ಕೈ ಬದಲಾಯಿಸಿತು. 1693ರಿಂದ 1699ರವರೆಗೆ ಡಚ್ಚರ ವಶದಲ್ಲಿತ್ತು. ಬ್ರಿಟಿಷರು 1761, 1778 ಮತ್ತು 1793ರಲ್ಲಿ ಅದನ್ನು ಗೆದ್ದುಕೊಂಡರು. 1761ರಲ್ಲಂತೂ ಊರನ್ನೇ ಕೆಡವಿಹಾಕಿದರು. 1793ರಲ್ಲಿ ಹೋದ ಊರು ಫ್ರೆಂಚರಿಗೆ ಮರಳಿ ಸಿಕ್ಕಿದ್ದು 1816ರಲ್ಲಿ.

ಈ ಇಸವಿಗಳನ್ನು ಕಾಗದದಲ್ಲಿ ಬರೆದು ಎದುರಿಗಿಟ್ಟುಕೊಳ್ಳಿ. ನಿಮ್ಮ ಪೂರ್ವಜೆಯ ಮದುವೆ ಪಾಂಡಿಚೇರಿಯ ಪುಸ್ತಕದಲ್ಲಿ ಕಾಣದಿದ್ದರೆ ಯುದ್ಧದ ಕಾಲದಲ್ಲಿ ಕುಟುಂಬ ಮದ್ರಾಸಿಗೋ ಡ್ಯಾನಿಶರ ತರಂಗಂಬಾಡಿಗೋ ಮಾರಿಷಸ್ಸಿಗೋ ಹೋಗಿತ್ತೇ ಎಂದು ನೋಡಬೇಕಾಗುತ್ತದೆ. ಚಂದ್ರನಗರದ ಆಡಳಿತ 1950ರಲ್ಲಿ, ಉಳಿದ ನಾಲ್ಕು ನೆಲೆಗಳದು 1954ರಲ್ಲಿ ಭಾರತದ ಕೈಗೆ ಬಂತು. ಆ ನಾಲ್ಕರ ಕಾನೂನುಬದ್ಧ ಹಸ್ತಾಂತರ ಪೂರ್ಣಗೊಂಡದ್ದು 1962ರ ಆಗಸ್ಟ್ 16ರಂದು.

ಹಂತ 1: ‘ಫ್ರೆಂಚ್’ ಎಂದರೆ ಯಾವ ಬಗೆ?

ಮನೆಮಾತಿನ ‘ಫ್ರೆಂಚ್’ ಎಂಬುದರೊಳಗೆ ಕಡೇಪಕ್ಷ ನಾಲ್ಕು ಸಾಧ್ಯತೆಗಳಿವೆ.

ಒಂದು, ಫ್ರಾನ್ಸಿನಲ್ಲೇ ಹುಟ್ಟಿ ಹಡಗಿನಲ್ಲಿ ಬಂದವಳು. ಹದಿನೆಂಟನೆಯ ಶತಮಾನದಲ್ಲಿ ಇಂಥವರ ಸಂಖ್ಯೆ ಕಡಿಮೆ.

ಎರಡು, ಫ್ರೆಂಚ್ ತಂದೆಗೆ ಇಲ್ಲೇ ಹುಟ್ಟಿದವಳು. ತಾಯಿ ಯುರೋಪಿನವಳಾಗಿರಬಹುದು, ಇಂಡೋ-ಪೋರ್ಚುಗೀಸ್ ಅಥವಾ ಭಾರತೀಯ ಮೂಲದವಳೂ ಆಗಿರಬಹುದು.

ಮೂರು, ಫ್ರೆಂಚ್ ಆಳ್ವಿಕೆಯ ಊರಿನಲ್ಲಿದ್ದ ತಮಿಳು, ತೆಲುಗು, ಮಲಯಾಳಿ ಅಥವಾ ಬಂಗಾಳಿ ಮಹಿಳೆ.

ನಾಲ್ಕು, 1881ರ ನಂತರ ಫ್ರೆಂಚ್ ನಾಗರಿಕ ಕಾನೂನನ್ನು ಒಪ್ಪಿ, ಹೊಸದಾಗಿ ಮನೆತನದ ಹೆಸರು ಪಡೆದ ಭಾರತೀಯ ಕುಟುಂಬದವಳು. ಹೆಸರು ಅಚ್ಚ ಫ್ರೆಂಚ್ ಆಗಿದ್ದೂ ರಕ್ತಸಂಬಂಧ ಫ್ರಾನ್ಸಿನದಾಗಿರಬೇಕೆಂದಿಲ್ಲ.

ನಾಲ್ಕೂ ಬಗೆಯವರ ದಾಖಲೆಗಳು ಬೇರೆ ಬೇರೆ ಪುಸ್ತಕಗಳಲ್ಲಿವೆ. ಅವಳು ಯಾವ ಬಗೆಯವಳೆಂದು ಮೊದಲೇ ತೀರ್ಮಾನ ಮಾಡಿಕೊಳ್ಳಬೇಡಿ. ನಾಲ್ಕು ಸಾಧ್ಯತೆಗಳನ್ನೂ ಬರೆದಿಟ್ಟು, ಸಾಕ್ಷ್ಯ ಸಿಕ್ಕಂತೆ ಒಂದೊಂದನ್ನೇ ಹೊಡೆದುಹಾಕುತ್ತ ಹೋಗಿ.

ಹಂತ 2: ಮನೆಯ ಪೆಟ್ಟಿಗೆ, ಹಿರಿಯರ ನೆನಪು

ಹುಡುಕಾಟ ಯಾವಾಗಲೂ ಇಂದಿನಿಂದ ಹಿಂದಕ್ಕೆ ಹೋಗಬೇಕು. ಹದಿನೆಂಟನೆಯ ಶತಮಾನದ ಗವರ್ನರ್ ಡೂಪ್ಲೆಯ ಕಾಲದ ಯಾರದೋ ಹೆಸರು ಹಿಡಿದು ಮುಂದಕ್ಕೆ ಬರಲು ಹೊರಟವರು ದಾರಿ ತಪ್ಪುವುದೇ ಹೆಚ್ಚು. ನಿಮ್ಮ ತಾಯಿ ಅಥವಾ ತಂದೆಯ ಜನನ ಪತ್ರ, ಅಜ್ಜಿಯ ಮದುವೆಯ ದಾಖಲೆ, ಮುತ್ತಜ್ಜಿಯ ಮರಣದ ದಾಖಲೆ ಎಂಬ ಕ್ರಮದಲ್ಲಿ ಹೋಗಿ. ಒಂದು ತಲೆಮಾರು ಖಚಿತವಾಗದೆ ಮುಂದಿನದಕ್ಕೆ ಕೈ ಹಾಕಬೇಡಿ.

ಮನೆಯಲ್ಲಿ ಹುಡುಕಬೇಕಾದವು: ಪ್ರಾರ್ಥನಾ ಪುಸ್ತಕದ ಒಳಹಾಳೆಯಲ್ಲಿ ಬರೆದ ಹುಟ್ಟಿದ ದಿನಾಂಕಗಳು, ಫೋಟೊಗಳ ಹಿಂಬದಿಯ ಸ್ಟುಡಿಯೊ ಮುದ್ರೆ, ಮರಣಾನಂತರ ಹಂಚಿದ ಸ್ಮರಣೆಯ ಚೀಟಿ, ಪಿಂಚಣಿ ಕಾಗದ, ಮನೆ ಮಾರಾಟದ ಪತ್ರ, ಸಮಾಧಿ ಕಲ್ಲಿನ ಬರಹ. ಪಾಂಡಿಚೇರಿಯ ಫ್ರೆಂಚ್ ನಾಗರಿಕ ಕುಟುಂಬಗಳಲ್ಲಿ ‘ಲಿವ್ರೆ ದ ಫಾಮೀಯ್’ ಎಂಬ ಕುಟುಂಬ ಪುಸ್ತಿಕೆ ಇರಬಹುದು. ಮದುವೆಯ ವಿವರ, ಮಕ್ಕಳ ಜನನ, ಮರಣ ಎಲ್ಲವೂ ಅದೊಂದರಲ್ಲೇ ಇರುತ್ತವೆ.

ಹಿರಿಯರನ್ನು ಕೇಳುವಾಗ ‘ಅವಳ ಬಗ್ಗೆ ಏನಾದರೂ ಹೇಳಿ’ ಎಂದರೆ ಹೆಚ್ಚೇನೂ ಸಿಗದು. ಯಾವ ಚರ್ಚಿಗೆ ಹೋಗುತ್ತಿದ್ದಳು? ಯಾವ ಸಂತರ ಹಬ್ಬ ಮಾಡುತ್ತಿದ್ದಳು? ತಂಗಿಯರು ಯಾವ ಊರಿಗೆ ಮದುವೆಯಾಗಿ ಹೋದರು? ಮಕ್ಕಳಿಗೆ ಧರ್ಮತಾಯಿ ಯಾರಾಗಿದ್ದರು? ಮನೆಯಲ್ಲಿ ಏನೆಂದು ಕರೆಯುತ್ತಿದ್ದರು? ಇಂಥ ಸಣ್ಣ ಪ್ರಶ್ನೆಗಳಿಗೆ ನೆನಪು ಬಾಯಿ ಬಿಡುತ್ತದೆ. ಅತ್ತೆ, ಸೋದರತ್ತೆ, ದೊಡ್ಡಮ್ಮಂದಿರನ್ನು ಕೇಳುವುದು ಮರೆಯಬೇಡಿ. ತವರಿನ ಸಂಗತಿ ಹೆಂಗಸರ ನೆನಪಿನಲ್ಲೇ ಹೆಚ್ಚು ಉಳಿದಿರುತ್ತದೆ. ಯಾರು, ಯಾವ ದಿನ, ಏನು ಹೇಳಿದರು ಎಂಬುದನ್ನು ಬರೆದಿಡಿ.

ಹಂತ 3: ತವರಿನ ಹೆಸರು ಖಚಿತಪಡಿಸಿಕೊಳ್ಳಿ

ಹುಟ್ಟಿನಲ್ಲಿ ದಾಖಲಾದ ಹೆಸರನ್ನು ಬಿಟ್ಟು ಬೇರೆ ಹೆಸರು ಇಟ್ಟುಕೊಳ್ಳುವಂತಿಲ್ಲ ಎಂದು ಫ್ರೆಂಚ್ ಕ್ರಾಂತಿಯ ಸರ್ಕಾರ 1794ರಲ್ಲಿ ಕಾನೂನನ್ನೇ ಮಾಡಿತು. ಅದಕ್ಕಿಂತ ಮೊದಲೂ ಚರ್ಚಿನ ಪುಸ್ತಕಗಳಲ್ಲಿ ಹೆಣ್ಣನ್ನು ತವರಿನ ಹೆಸರಿನಿಂದ ಬರೆಯುವ ರೂಢಿಯಿತ್ತು.

ಗವರ್ನರ್ ಡೂಪ್ಲೆಯ ಹೆಂಡತಿಯ ಉದಾಹರಣೆ ನೋಡಿ. ಇತಿಹಾಸದ ಪುಸ್ತಕಗಳಲ್ಲಿ ಅವಳು ‘ಮದಾಂ ಡೂಪ್ಲೆ’ ಅಥವಾ ‘ಜೊಹಾನಾ ಬೇಗಂ’. ಹುಟ್ಟು ಹೆಸರು ಜಾನ್ ಆಲ್ಬೇರ್. 1706ರಲ್ಲಿ ಪಾಂಡಿಚೇರಿಯಲ್ಲೇ ಹುಟ್ಟಿದವಳು. ತಂದೆ ಕಂಪನಿಯ ಶಸ್ತ್ರವೈದ್ಯ, ತಾಯಿ ಡಿ ಕಾಸ್ಟ್ರೊ ಎಂಬ ಇಂಡೋ-ಪೋರ್ಚುಗೀಸ್ ಮನೆತನದವಳು. 1719ರಲ್ಲಿ, ಹದಿಮೂರರ ಹರೆಯದಲ್ಲಿ, ಜಾಕ್ ವ್ಯಾನ್ಸಾನ್ಸ್ ಎಂಬ ಕಂಪನಿ ಅಧಿಕಾರಿಯನ್ನು ಮದುವೆಯಾದಳು. ಅವನು ತೀರಿಕೊಂಡ ಮೇಲೆ 1741ರಲ್ಲಿ ಚಂದ್ರನಗರದಲ್ಲಿ ಡೂಪ್ಲೆಯನ್ನು ವರಿಸಿದಳು. ವ್ಯಾನ್ಸಾನ್ಸ್‌ನ ಹೆಂಡತಿ, ವ್ಯಾನ್ಸಾನ್ಸ್‌ನ ವಿಧವೆ, ಡೂಪ್ಲೆಯ ಹೆಂಡತಿ ಎಂದು ಮೂರು ಕಡೆ ಮೂರು ಬಗೆಯಲ್ಲಿ ಬರುವವಳು ಒಬ್ಬಳೇ ಎಂದು ತೋರಿಸಿಕೊಡುವುದು ‘ಆಲ್ಬೇರ್’ ಎಂಬ ತವರಿನ ಹೆಸರು.

ಕಾಗುಣಿತದ ಕಾಟ ಬೇರೆ. ನೆಪೋಲಿಯನ್ನನ ವಿದೇಶಾಂಗ ಮಂತ್ರಿಯಾಗಿದ್ದ ಟ್ಯಾಲಿರಾಂಡನನ್ನು 1802ರಲ್ಲಿ ಮದುವೆಯಾದ ಕ್ಯಾಥರೀನ್, 1762ರಲ್ಲಿ ತರಂಗಂಬಾಡಿಯಲ್ಲಿ ಹುಟ್ಟಿ ಚಂದ್ರನಗರದಲ್ಲಿ ಬೆಳೆದವಳು. ಅವಳ ತವರಿನ ಹೆಸರು ವೊರ್ಲೇ, ವೆರ್ಲೇ, ವೇರ್ಲೆ ಎಂದು ಬಗೆಬಗೆಯಾಗಿ ಸಿಗುತ್ತದೆ. 1777ರಲ್ಲಿ ಆದ ಮೊದಲ ಮದುವೆಯ ಗಂಡನ ಹೆಸರಿನಿಂದ ‘ಮದಾಂ ಗ್ರಾಂ’ ಎಂದೇ ಅವಳು ಪ್ರಸಿದ್ಧಳು. ಹೆಸರನ್ನು ಕಿವಿಗೆ ಬಿದ್ದಂತೆ ಬರೆದ ಕಾಲವದು. ನಿಮ್ಮ ಪೂರ್ವಜೆಯ ಹೆಸರಿಗೂ ಆಗಬಹುದಾದ ರೂಪಗಳ ಪಟ್ಟಿ ಮಾಡಿ, ಎಲ್ಲ ರೂಪಗಳಲ್ಲೂ ಹುಡುಕಿ.

ತಮಿಳು ಹೆಸರುಗಳ ಫ್ರೆಂಚ್ ಬರಹಕ್ಕೂ ಒಂದು ಲಯವಿದೆ. ‘ಉ’ಕಾರಕ್ಕೆ ಓ ಮತ್ತು ಯು ಎಂಬ ಎರಡು ರೋಮನ್ ಅಕ್ಷರ, ‘ಜ’ಕಾರಕ್ಕೆ ಡಿ ಮತ್ತು ಜೆ, ‘ಚ’ಕಾರಕ್ಕೆ ಟಿ, ಸಿ, ಎಚ್ ಜೋಡಿಸಿ ಬರೆಯುತ್ತಿದ್ದರು. ಇಂಗ್ಲಿಷ್ ಕಾಗುಣಿತದಲ್ಲಿ ಹುಡುಕಿದರೆ ಹೆಸರು ಸಿಗದೇ ಹೋಗಬಹುದು.

ಹಂತ 4: ಯಾವ ಚರ್ಚು, ಯಾವ ಪುಸ್ತಕ?

ಫ್ರಾನ್ಸಿನಲ್ಲಿ ಸರ್ಕಾರಿ ಜನನ-ಮರಣ-ವಿವಾಹ ನೋಂದಣಿ ಶುರುವಾದದ್ದು 1792ರ ಸೆಪ್ಟೆಂಬರ್ 20ರ ಕಾನೂನಿನಿಂದ. ಅದಕ್ಕೂ ಹಿಂದಿನದಕ್ಕೆ ಚರ್ಚಿನ ದೀಕ್ಷಾಸ್ನಾನ, ವಿವಾಹ, ಸಮಾಧಿ ಪುಸ್ತಕಗಳೇ ಆಧಾರ.

ಪಾಂಡಿಚೇರಿಯಲ್ಲಿ ಯುರೋಪಿಯನ್ನರು ಮತ್ತು ಅವರ ಸಂತತಿಯ ಚರ್ಚು ಕಪುಚಿನ್ ಗುರುಗಳ ಕೈಯಲ್ಲಿತ್ತು. ತಮಿಳು ಕ್ರೈಸ್ತರನ್ನು ನೋಡಿಕೊಳ್ಳುತ್ತಿದ್ದವರು ಜೆಸ್ವಿಟರು. 1773ರಲ್ಲಿ ಜೆಸ್ವಿಟ್ ಸಂಘ ರದ್ದಾದ ಮೇಲೆ ಆ ಕೆಲಸ ಪ್ಯಾರಿಸ್ ವಿದೇಶೀ ಮಿಷನ್ ಸಂಸ್ಥೆಯ ಗುರುಗಳಿಗೆ ಬಂತು. ಒಂದೇ ಮನೆಯಲ್ಲಿ ಗಂಡನ ದಾಖಲೆ ಒಂದು ಚರ್ಚಿನಲ್ಲಿ, ಹೆಂಡತಿಯ ತವರಿನವರದು ಇನ್ನೊಂದರಲ್ಲಿ ಇರಬಹುದು. ಎರಡೂ ಕಡೆ ನೋಡಲೇಬೇಕು.

ಭಾರತೀಯ ಪ್ರಜೆಗಳಿಗೆ ಅವರವರ ಧರ್ಮ, ಜಾತಿಯ ಕಟ್ಟುಕಟ್ಟಳೆಯೇ ಅನ್ವಯ ಎಂದು 1819ರ ಜನವರಿ 6ರ ಆದೇಶ ಹೇಳಿತ್ತು. 1881ರ ಸೆಪ್ಟೆಂಬರ್ 21ರ ಶಾಸನ, ಇಷ್ಟವಿದ್ದವರು ಆ ಕಟ್ಟಳೆ ತ್ಯಜಿಸಿ ಫ್ರೆಂಚ್ ನಾಗರಿಕ ಸಂಹಿತೆಗೆ ಒಳಪಡಲು ಅವಕಾಶ ಕೊಟ್ಟಿತು. ಹಾಗೆ ತ್ಯಜಿಸಿದವರನ್ನು ‘ರನೋನ್ಸಾಂ’ ಎನ್ನುತ್ತಾರೆ. ಅವರು ತಮಗೂ ತಮ್ಮ ಸಂತತಿಗೂ ಒಂದು ಮನೆತನದ ಹೆಸರು ಆರಿಸಿಕೊಳ್ಳಬೇಕಿತ್ತು. ಈ ಚಳವಳಿಯ ಮುಂದಾಳು ಪೊನ್ನುತಂಬಿ ಪಿಳ್ಳೆ ‘ಲಾಪೋರ್ತ್’ ಎಂಬ ಹೆಸರು ಪಡೆದರು. ನಿಮ್ಮ ಮುತ್ತಜ್ಜಿಯ ಫ್ರೆಂಚ್ ಹೆಸರಿನ ಜಾಡು 1880ರ ದಶಕದಲ್ಲಿ ಥಟ್ಟನೆ ನಿಂತುಹೋದರೆ ಅವಳು ರನೋನ್ಸಾಂ ಕುಟುಂಬದವಳೇ ಎಂದು ಪರೀಕ್ಷಿಸಿ. ತ್ಯಾಗದ ಘೋಷಣೆಗಳನ್ನು ನೋಂದಾಯಿಸುತ್ತಿದ್ದರು. ಅದರಲ್ಲಿ ಹಳೆಯ ಹೆಸರು, ಹೊಸ ಹೆಸರು ಎರಡೂ ಸಿಗುತ್ತವೆ.

ಹಂತ 5: ಮನೆಯಲ್ಲೇ ಕುಳಿತು ಫ್ರಾನ್ಸಿನ ದಾಖಲೆ ನೋಡಿ

1776ರ ಜೂನ್ ತಿಂಗಳ ರಾಜಾಜ್ಞೆಯೊಂದು ನಮ್ಮ ಕೆಲಸವನ್ನು ಎಷ್ಟೋ ಹಗುರ ಮಾಡಿದೆ. ವಸಾಹತುಗಳ ಚರ್ಚು ಪುಸ್ತಕ, ನ್ಯಾಯಾಲಯದ ಕಾಗದ, ನೋಟರಿ ಪತ್ರಗಳ ಒಂದು ಪ್ರತಿಯನ್ನು ವರ್ಸೇಲ್ಸ್‌ಗೆ ಕಳಿಸಬೇಕೆಂದು ಅದು ವಿಧಿಸಿತು. ಹಾಗಾಗಿ ಇಲ್ಲಿನ ಪ್ರತಿ ಗೆದ್ದಲಿಗೆ, ಯುದ್ಧಕ್ಕೆ, ಮಳೆಗೆ ಹೋಗಿದ್ದರೂ ಅಲ್ಲಿನದು ಉಳಿದಿರಬಹುದು. ಇಂದು ಈ ರಾಶಿ ದಕ್ಷಿಣ ಫ್ರಾನ್ಸಿನ ಎಕ್ಸ್-ಆಂ-ಪ್ರೊವಾನ್ಸ್ ನಗರದಲ್ಲಿರುವ ಸಾಗರೋತ್ತರ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿದೆ. ಸಂಶೋಧಕರು ಅದರ ಫ್ರೆಂಚ್ ಹೆಸರಿನ ಮೊದಲಕ್ಷರಗಳಿಂದ ‘ಅನೋಮ್’ ಎನ್ನುತ್ತಾರೆ.

ಅನೋಮ್ ಜಾಲತಾಣದಲ್ಲಿ ಹಳೆಯ ನೋಂದಣಿ ಪುಸ್ತಕಗಳ ಪುಟಗಳ ಚಿತ್ರಗಳು ಉಚಿತವಾಗಿ ಸಿಗುತ್ತವೆ. ಬಳಸುವ ಕ್ರಮ ಹೀಗೆ:

1. ‘ಎತಾ ಸಿವಿಲ್’, ಅಂದರೆ ನಾಗರಿಕ ನೋಂದಣಿ ವಿಭಾಗ ತೆರೆಯಿರಿ. ಪ್ರದೇಶಗಳ ಪಟ್ಟಿಯಲ್ಲಿ ಭಾರತವನ್ನು ಆರಿಸಿ.

2. ಊರು, ಇಸವಿ ಆರಿಸಿ. ಪಾಂಡಿಚೇರಿಯಲ್ಲಿ ಸಿಗದಿದ್ದರೆ ಕಾರೈಕಲ್, ಚಂದ್ರನಗರ, ಮಾಹೆ, ಯಾನಂ ಒಂದೊಂದಾಗಿ ನೋಡಿ. ಅಧಿಕಾರಿಗಳ ಕುಟುಂಬಗಳು ವರ್ಗವಾಗಿ ಊರಿಂದೂರಿಗೆ ಹೋಗುತ್ತಿದ್ದವು.

3. ಪುಸ್ತಕದ ಕೊನೆಯಲ್ಲಿ ವರ್ಷದ ಹೆಸರುಪಟ್ಟಿ ಇದೆಯೇ ನೋಡಿ. ಹತ್ತು ವರ್ಷಕ್ಕೊಮ್ಮೆ ಮಾಡಿದ ಪಟ್ಟಿಯಿದ್ದರೆ ಮೊದಲು ಅದನ್ನೇ ತೆರೆಯಿರಿ.

4. ಬೇಕಾದ ಪುಟ ಸಿಕ್ಕೊಡನೆ ಚಿತ್ರ ಉಳಿಸಿಕೊಂಡು ಊರು, ಇಸವಿ, ಪುಸ್ತಕದ ಬಗೆ, ಪುಟದ ಸಂಖ್ಯೆ ಬರೆದುಕೊಳ್ಳಿ. ಇದನ್ನು ಬಿಟ್ಟರೆ ಅದೇ ಪುಟವನ್ನು ಮತ್ತೆ ಹುಡುಕುವುದೇ ಒಂದು ಕೆಲಸವಾಗುತ್ತದೆ.

ಗೋಪ್ಯತೆಯ ನಿಯಮದಿಂದಾಗಿ ಜನನ ಮತ್ತು ವಿವಾಹ ದಾಖಲೆಗಳು 75 ವರ್ಷ ಕಳೆಯುವವರೆಗೆ ಸಾರ್ವಜನಿಕರಿಗೆ ತೆರೆದಿರುವುದಿಲ್ಲ. ಇತ್ತೀಚಿನ ಫ್ರೆಂಚ್ ನಾಗರಿಕರ ದಾಖಲೆಗೆ ನಾಂತ್ ನಗರದಲ್ಲಿರುವ ಫ್ರೆಂಚ್ ವಿದೇಶಾಂಗ ಸಚಿವಾಲಯದ ಕೇಂದ್ರ ನೋಂದಣಿ ಕಚೇರಿಗೆ ಬರೆಯಬೇಕು.

ಹಳೆಯ ಕಾಲಕ್ಕೆ ಇನ್ನೊಂದು ಅಡ್ಡದಾರಿ ಉಂಟು. ಗವರ್ನರ್ ಆಗಿದ್ದ ಇತಿಹಾಸಕಾರ ಆಲ್ಫ್ರೆಡ್ ಮಾರ್ತಿನೋ, ಪಾಂಡಿಚೇರಿಯ 1676ರ ನಂತರದ ನೋಂದಣಿಗಳ ಸಾರಾಂಶವನ್ನು ಸಂಪುಟಗಳಾಗಿ ಅಚ್ಚು ಹಾಕಿಸಿದರು. ಮೊದಲ ಸಂಪುಟ 1735ರವರೆಗಿನದು. ಕೈಬರಹ ಓದುವ ಕಷ್ಟವಿಲ್ಲದೆ ಹೆಸರು ಪತ್ತೆ ಮಾಡಲು ಅದು ಉಪಯುಕ್ತ. ಹೆಸರು ಸಿಕ್ಕ ಮೇಲೆ ಮೂಲ ಪುಟವನ್ನು ನೋಡದೆ ಬಿಡಬೇಡಿ. ಸಾರಾಂಶದಲ್ಲಿ ಸಾಕ್ಷಿಗಳ ಹೆಸರು, ಸಹಿಯಂಥ ವಿವರಗಳು ಬಿಟ್ಟುಹೋಗಬಹುದು.

ಹಂತ 6: ದಾಖಲೆಯನ್ನು ಓದುವ ಬಗೆ

ಮರಣ, ಮದುವೆ, ದೀಕ್ಷಾಸ್ನಾನ, ಈ ಕ್ರಮದಲ್ಲಿ ಹಿಂದಕ್ಕೆ ಹೋಗಿ. ಮರಣದ ದಾಖಲೆಯಲ್ಲಿ ಗಂಡನ ಹೆಸರು, ಅಂದಾಜು ವಯಸ್ಸು ಇರುತ್ತದೆ. ಆ ವಯಸ್ಸನ್ನು ಹೇಳಿದವರು ನೆರೆಯವರೋ ನೆಂಟರೋ ಆಗಿರುವುದರಿಂದ ನಾಲ್ಕೈದು ವರ್ಷ ಅತ್ತಿತ್ತ ಆಗಿದ್ದರೆ ಆಶ್ಚರ್ಯವಿಲ್ಲ. ಹೆಚ್ಚು ಮಾಹಿತಿ ಸಿಗುವುದು ಮದುವೆಯ ದಾಖಲೆಯಲ್ಲಿ: ವಧುವಿನ ತಂದೆ ತಾಯಿ, ಹುಟ್ಟಿದ ಊರು, ಮೊದಲ ಗಂಡನಿದ್ದರೆ ಅವನ ಹೆಸರು, ಸಾಕ್ಷಿಗಳು ಮತ್ತು ಅವರ ನೆಂಟಸ್ತನ. ಕೆಳಗೆ ಅವಳ ಸಹಿ ಇದ್ದರೆ ಅದನ್ನು ಬೇರೆಯಾಗಿ ಉಳಿಸಿಕೊಳ್ಳಿ. ಒಂದೇ ಹೆಸರಿನ ಇಬ್ಬರನ್ನು ಬೇರ್ಪಡಿಸಲು ಸಹಿಗಿಂತ ಒಳ್ಳೆಯ ಸಾಧನ ಕಡಿಮೆ.

ದೀಕ್ಷಾಸ್ನಾನದ ದಾಖಲೆಯಲ್ಲಿ ಧರ್ಮತಂದೆ, ಧರ್ಮತಾಯಿಯರ ಹೆಸರು ತಪ್ಪದೆ ನೋಡಿ. ಬಹಳ ಸಲ ಅವರು ಅಜ್ಜಿ, ಚಿಕ್ಕಮ್ಮ, ಸೋದರಮಾವ ಆಗಿರುತ್ತಾರೆ. ತಾಯಿಯ ಕಡೆಯವರ ಸುಳಿವು ಬೇರೆಲ್ಲೂ ಸಿಗದಿದ್ದಾಗ ಇಲ್ಲಿ ಸಿಗುತ್ತದೆ.

ಫ್ರೆಂಚ್ ಬಾರದಿದ್ದರೂ ಈ ಕೆಲವು ಪದಗಳು ಗೊತ್ತಿದ್ದರೆ ಸಾಕಷ್ಟು ಓದಬಹುದು:

• ಫೀಯ್ ದ: ಇಂಥವರ ಮಗಳು. ಫೀಯ್ ನಾತ್ಯುರೆಲ್: ವಿವಾಹದ ಹೊರಗೆ ಹುಟ್ಟಿದ ಮಗಳು.
• ಪೇರ್ ಅಂಕೊನ್ಯು: ತಂದೆ ಯಾರೆಂದು ತಿಳಿಯದು.
• ನೇ: ಹುಟ್ಟಿನಿಂದ. ಇದರ ಮುಂದೆ ಬರುವುದೇ ತವರಿನ ಹೆಸರು.
• ಏಪೂಜ್: ಹೆಂಡತಿ. ವವ್: ವಿಧವೆ.
• ಪಾರೆಂ, ಮಾರೆನ್: ಧರ್ಮತಂದೆ, ಧರ್ಮತಾಯಿ.
• ಮಿನರ್: ಅಪ್ರಾಪ್ತಳು. ಕ್ರಾಂತಿಗೆ ಮುಂಚೆ ಮದುವೆಯ ವಿಷಯದಲ್ಲಿ 25 ವರ್ಷದೊಳಗಿನ ಹೆಣ್ಣಿಗೂ ಈ ಪದ ಬಳಸುತ್ತಿದ್ದರು. ಚಿಕ್ಕ ಹುಡುಗಿ ಎಂದೇ ತಿಳಿಯಬೇಡಿ.
• ತೋಪಾಸ್: ಇಂಡೋ-ಪೋರ್ಚುಗೀಸ್ ಸಮುದಾಯದವರು. ಮೆತೀಸ್: ಮಿಶ್ರ ಸಂತತಿ. ಕ್ರಿಯೋಲ್: ವಸಾಹತಿನಲ್ಲಿ ಹುಟ್ಟಿದವರು.
• ಮಲಬಾರ್: ಕೇರಳದವರಷ್ಟೇ ಅಲ್ಲ, ತಮಿಳರನ್ನೂ ಹೀಗೇ ಬರೆಯುತ್ತಿದ್ದರು.
• ಎಸ್ಕ್ಲಾವ್: ಗುಲಾಮ. ಲಿಬ್ರ್: ಸ್ವತಂತ್ರ ವ್ಯಕ್ತಿ.

ತಿಂಗಳುಗಳ ಸಂಕ್ಷೇಪದಲ್ಲಿ ಎಡವುವವರು ಬಹಳ. ಹಳೆಯ ಬರಹದಲ್ಲಿ 7ರ ಅಂಕಿಯ ಪಕ್ಕ ಬಾಲದಂತೆ ಎರಡು ಮೂರು ಅಕ್ಷರ ಇದ್ದರೆ ಅದು ಸೆಪ್ಟೆಂಬರ್, ಜುಲೈ ಅಲ್ಲ. ಹಾಗೆಯೇ 8 ಅಕ್ಟೋಬರ್, 9 ನವೆಂಬರ್, ರೋಮನ್ ಹತ್ತು ಡಿಸೆಂಬರ್. ಕ್ರಾಂತಿಯ ಸರ್ಕಾರ 1793ರಿಂದ 1805ರ ಕೊನೆಯವರೆಗೆ ತನ್ನದೇ ಪಂಚಾಂಗ ನಡೆಸಿತು. ರಿಯೂನಿಯನ್ ದ್ವೀಪದ ಆ ಕಾಲದ ದಾಖಲೆಗಳಲ್ಲಿ ಬೇರೆ ತಿಂಗಳ ಹೆಸರುಗಳು ಕಂಡರೆ ಗಾಬರಿಯಾಗಬೇಡಿ. ಪರಿವರ್ತನೆಯ ಪಟ್ಟಿಗಳು ಜಾಲದಲ್ಲಿ ಸುಲಭವಾಗಿ ಸಿಗುತ್ತವೆ.

ಹಂತ 7: ಚರ್ಚಿನಾಚೆಗಿನ ಕಾಗದಗಳು

ನೋಂದಣಿ ಪುಸ್ತಕ ಹೇಳುವುದು ದಿನಾಂಕ ಮತ್ತು ನೆಂಟಸ್ತನ. ಅವಳು ಹೇಗೆ ಬದುಕಿದಳೆಂದು ತಿಳಿಯಬೇಕಾದರೆ ನೋಟರಿ ಕಾಗದಗಳನ್ನು ನೋಡಬೇಕು. ಆಸ್ತಿವಂತ ಫ್ರೆಂಚ್ ಕುಟುಂಬಗಳಲ್ಲಿ ಮದುವೆಗೆ ಮುಂಚೆ ಒಪ್ಪಂದ ಪತ್ರ ಬರೆಸುತ್ತಿದ್ದರು. ವಧು ತಂದ ಹಣ, ಒಡವೆ, ಮನೆಸಾಮಾನು ಅದರಲ್ಲಿ ಇರುತ್ತದೆ. ಯಜಮಾನ ಸತ್ತ ಮೇಲೆ ಮನೆಯ ಪ್ರತಿಯೊಂದು ವಸ್ತುವಿನ ಪಟ್ಟಿ ಮಾಡುವ ಕ್ರಮವೂ ಇತ್ತು. ಉಯಿಲು, ದತ್ತಕ, ಪಾಲುಪತ್ರಗಳು ಇದೇ ಸಾಲಿನವು.

ಗಂಡ ಅಥವಾ ತಂದೆ ಕಂಪನಿಯ ಇಲ್ಲವೆ ರಾಜನ ನೌಕರನಾಗಿದ್ದರೆ ಅನೋಮ್‌ನ ‘ಇ’ ಶ್ರೇಣಿಯ ಸಿಬ್ಬಂದಿ ಕಡತಗಳನ್ನು ನೋಡಿ. ಅವೂ ಜಾಲದಲ್ಲಿವೆ. ಗಂಡ ತೀರಿಕೊಂಡ ಮೇಲೆ ಪಿಂಚಣಿಗಾಗಿ ವಿಧವೆ ಬರೆದ ಅರ್ಜಿ ಅಲ್ಲಿರಬಹುದು. ಹೆಂಗಸರು ತಮ್ಮ ಪರವಾಗಿ ತಾವೇ ಮಾತಾಡಿದ ಕಾಗದ ವಸಾಹತಿನ ದಾಖಲೆಗಳಲ್ಲಿ ವಿರಳ. ಹಾಗಾಗಿ ಗಂಡನ ಕಡತವನ್ನು ಕೊನೆಯ ಹಾಳೆಯವರೆಗೂ ತಿರುವಿಹಾಕಿ.

1736ರಿಂದ 1761ರವರೆಗಿನ ಪಾಂಡಿಚೇರಿಗೆ, ಆ ಊರಿನ ನಿವಾಸಿ ಆನಂದರಂಗ ಪಿಳ್ಳೆಯವರ ತಮಿಳು ದಿನಚರಿಯೂ ದೊಡ್ಡ ಆಕರ. ಇಂಗ್ಲಿಷಿನಲ್ಲಿ 12 ಸಂಪುಟಗಳಾಗಿ ಬಂದಿದೆ. ಊರಿನ ಮದುವೆ, ಜಗಳ, ಸಾವು, ಸಾಲ ಎಲ್ಲವೂ ಅದರಲ್ಲಿವೆ. ಆದರೆ ಅದು ಒಬ್ಬರ ಕಣ್ಣಿನ ನೋಟ. ಮದಾಂ ಡೂಪ್ಲೆಯ ಬಗ್ಗೆ ಪಿಳ್ಳೆಯವರಿಗೆ ಒಳ್ಳೆಯ ಅಭಿಪ್ರಾಯವಿರಲಿಲ್ಲ ಎಂಬುದನ್ನು ನೆನಪಿಟ್ಟೇ ಓದಬೇಕು.

ಹಂತ 8: ಹಡಗು, ದ್ವೀಪ, ಮೈಸೂರು

ಹುಟ್ಟಿದ ದಾಖಲೆ ಐದೂ ನೆಲೆಗಳಲ್ಲಿ ಸಿಗದಿದ್ದರೆ ಅವಳು ಹೊರಗಿನಿಂದ ಬಂದವಳಿರಬಹುದು. ಕಂಪನಿಯ ಹಡಗುಗಳ ತವರು ಫ್ರಾನ್ಸಿನ ಲೋರಿಯಾಂ ಬಂದರು. ಆ ಹಡಗುಗಳ ಸಿಬ್ಬಂದಿ ಮತ್ತು ಪ್ರಯಾಣಿಕರ ಪಟ್ಟಿಗಳನ್ನು ಫ್ರೆಂಚ್ ರಕ್ಷಣಾ ಸಚಿವಾಲಯದ ‘ಮೆಮ್ವಾರ್ ದೆಜೋಮ್’ ಜಾಲತಾಣದಲ್ಲಿ ನೋಡಬಹುದು. ದಾರಿಯ ನಡುವಿನ ದ್ವೀಪಗಳನ್ನೂ ಮರೆಯಬೇಡಿ. ಮಾರಿಷಸ್ 1715ರಿಂದ 1810ರವರೆಗೆ ಫ್ರೆಂಚರದಾಗಿತ್ತು, ರಿಯೂನಿಯನ್ ಇಂದಿಗೂ ಅವರದೇ. ಪಾಂಡಿಚೇರಿಗೂ ಈ ದ್ವೀಪಗಳಿಗೂ ಮದುವೆಯ ಸಂಬಂಧಗಳು ನಿರಂತರವಾಗಿದ್ದವು.

ಎದುರು ದಿಕ್ಕಿನ ಪಯಣವೂ ಇತ್ತು. ಭಾರತದ ಹೆಣ್ಣುಮಕ್ಕಳು ಗುಲಾಮರಾಗಿ ಈ ದ್ವೀಪಗಳಿಗೆ ಸಾಗಿದ್ದಾರೆ. 1848ರಲ್ಲಿ ಫ್ರೆಂಚ್ ವಸಾಹತುಗಳಲ್ಲಿ ಗುಲಾಮಗಿರಿ ರದ್ದಾದಾಗ ಬಿಡುಗಡೆಯಾದವರಿಗೆ ಮನೆತನದ ಹೆಸರು ಕೊಟ್ಟು ನೋಂದಾಯಿಸಲಾಯಿತು. ಆ ಬಳಿಕ ಕೂಲಿ ಕರಾರಿನ ಮೇಲೆ ಹೋದವರು ಬೇರೆ. ಪಾಂಡಿಚೇರಿಯಿಂದ ಹೊರಟ ‘ಔರೇಲಿ’ ಹಡಗು 1853ರಲ್ಲಿ ಕೆರಿಬಿಯನ್ನಿನ ಮಾರ್ತಿನೀಕ್ ತಲುಪಿತು.

ಕರ್ನಾಟಕದ ಕೊಂಡಿ ಎರಡು ಕಡೆ ಸಿಗುತ್ತದೆ. ಒಂದು, ಹೈದರ್ ಮತ್ತು ಟಿಪ್ಪುವಿನ ಸೇನೆಯಲ್ಲಿದ್ದ ಫ್ರೆಂಚ್ ತುಕಡಿ. 1761ರಲ್ಲಿ ಪಾಂಡಿಚೇರಿ ಬಿದ್ದ ಮೇಲೆ ಕೆಲವು ಫ್ರೆಂಚ್ ಸೈನಿಕರು ಹೈದರನ ಬಳಿ ಸೇರಿದರು. ಅಂಥವರ ಹೆಂಡತಿ ಮಕ್ಕಳ ಸುಳಿವಿಗೆ ಸೈನಿಕ ಪಟ್ಟಿಗಳ ಜೊತೆಗೆ ಪಾಂಡಿಚೇರಿ, ಮಾಹೆಯ ಚರ್ಚು ಪುಸ್ತಕಗಳನ್ನೂ ನೋಡಬೇಕು. ಇನ್ನೊಂದು, ಫ್ರೆಂಚ್ ಗುರುಗಳು. ಶ್ರೀರಂಗಪಟ್ಟಣ ಪತನದ ನಂತರ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ಅಬ್ಬೆ ದ್ಯುಬ್ವಾ ಪ್ಯಾರಿಸ್ ವಿದೇಶೀ ಮಿಷನ್ನಿನವರು. 1850ರಲ್ಲಿ ಪ್ರತ್ಯೇಕ ವಿಕಾರಿಯೇಟ್ ಆಗುವ ಮುನ್ನ ಮೈಸೂರಿನ ಕ್ಯಾಥೊಲಿಕ್ ಆಡಳಿತ ಪಾಂಡಿಚೇರಿ ಮಿಷನ್ನಿಗೇ ಸೇರಿತ್ತು. ಆ ಕಾಲದ ಚರ್ಚು ಪುಸ್ತಕಗಳಲ್ಲಿ ಹೆಸರುಗಳು ಲ್ಯಾಟಿನ್ ರೂಪದಲ್ಲಿ ಬರಬಹುದು: ಜಾನ್ ಎಂಬವಳು ‘ಯೊಹಾನ್ನಾ’ ಆಗಿರುತ್ತಾಳೆ. ಸಹಿ ಹಾಕಿದ ಗುರು ಯಾರು, ಎಲ್ಲೆಲ್ಲಿ ಇದ್ದರು ಎಂದು ಪ್ಯಾರಿಸ್ಸಿನಲ್ಲಿರುವ ಆ ಮಿಷನ್ನಿನ ದಾಖಲೆ ಸಂಗ್ರಹದಿಂದ ತಿಳಿಯಬಹುದು.

ಅವಳು ಬ್ರಿಟಿಷ್ ಸೈನಿಕನನ್ನೋ ಗುಮಾಸ್ತನನ್ನೋ ಮದುವೆಯಾಗಿದ್ದರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳತ್ತ ತಿರುಗಿ. ಅಲ್ಲಿನ ‘ಎನ್’ ಶ್ರೇಣಿಯಲ್ಲಿ ಬಂಗಾಳ, ಮದ್ರಾಸ್, ಬಾಂಬೆ ಪ್ರಾಂತ್ಯಗಳ ಚರ್ಚು ವರದಿಗಳಿವೆ. ಆದರೆ ಅಲ್ಲಿ ಮದುವೆಯ ನಂತರ ಅವಳಿಗೆ ಗಂಡನ ಹೆಸರೇ ಗತಿ.

ಹಂತ 9: ಪಾಂಡಿಚೇರಿಗೆ ಹೋಗುವ ಮುನ್ನ

ಜಾಲದಲ್ಲಿ ಸಿಗುವಷ್ಟನ್ನು ಮುಗಿಸಿಕೊಂಡೇ ಊರಿಗೆ ಹೋಗಿ. ಪಾಂಡಿಚೇರಿಯ ಪುರಸಭೆಯಲ್ಲಿ ಫ್ರೆಂಚ್ ಕಾಲದ ನೋಂದಣಿ ವ್ಯವಸ್ಥೆಯ ಕಚೇರಿ ಇದೆ. ಭಾರತದ ರಾಷ್ಟ್ರೀಯ ಪತ್ರಾಗಾರದ ಕೇಂದ್ರವೂ ಅಲ್ಲಿದೆ. ಧರ್ಮಾಧ್ಯಕ್ಷರ ಕಚೇರಿ, ಆಯಾ ಚರ್ಚುಗಳು, ಸ್ಮಶಾನಗಳು ಮುಂದಿನವು. ಮೊದಲೇ ಪತ್ರ ಬರೆದು ಸಮಯ ಕೇಳಿ. ಹೆಸರು, ಅಂದಾಜು ಇಸವಿ, ನಿಮಗೂ ಅವಳಿಗೂ ಇರುವ ಸಂಬಂಧ, ಇಷ್ಟನ್ನು ಒಂದೇ ಪುಟದಲ್ಲಿ ಬರೆದು ಜೊತೆಗೆ ಒಯ್ಯಿರಿ. ಚರ್ಚಿನ ಪುಸ್ತಕಗಳು ಸಾರ್ವಜನಿಕ ಸ್ವತ್ತಲ್ಲ. ಗುರುಗಳು ತೋರಿಸಿದರೆ ಅದು ಸೌಜನ್ಯ ಎಂದು ತಿಳಿದು ನಡೆದುಕೊಳ್ಳಿ. ಫೋಟೊ ತೆಗೆಯುವ ಮೊದಲು ಕೇಳಿ.

ಹಂತ 10: ಸಿಕ್ಕಿದ್ದನ್ನು ಒರೆಗೆ ಹಚ್ಚಿ

ವಂಶಾವಳಿಯ ಜಾಲತಾಣಗಳಲ್ಲಿ ಬೇರೆಯವರು ಹಾಕಿದ ಸಿದ್ಧ ವಂಶವೃಕ್ಷಗಳು ಸಿಗುತ್ತವೆ. ಅವನ್ನು ಸುಳಿವು ಎಂದು ಬಳಸಿ, ಸಾಕ್ಷ್ಯ ಎಂದಲ್ಲ. ಪ್ರತಿ ತಲೆಮಾರಿಗೂ ತಾಯಿ-ಮಗಳ ಸಂಬಂಧವನ್ನು ಹೇಳುವ ಒಂದಾದರೂ ಮೂಲ ದಾಖಲೆ ನಿಮ್ಮ ಕೈಯಲ್ಲಿರಬೇಕು. ಎರಡು ದಾಖಲೆಗಳು ಒಂದಕ್ಕೊಂದು ಹೊಂದದಿದ್ದರೆ ಎರಡನ್ನೂ ಬರೆದಿಟ್ಟು, ಘಟನೆ ನಡೆದ ಹೊತ್ತಿಗೆ ಹತ್ತಿರದ್ದು ಯಾವುದೋ ಅದಕ್ಕೆ ಹೆಚ್ಚು ತೂಕ ಕೊಡಿ.

ಡಿಎನ್‌ಎ ಪರೀಕ್ಷೆಯ ಬಗ್ಗೆಯೂ ಒಂದು ಮಾತು. ತಾಯಿಯಿಂದ ಮಗಳಿಗೆ ಇಳಿಯುವ ಮೈಟೊಕಾಂಡ್ರಿಯಾ ಡಿಎನ್‌ಎ ಹೆಣ್ಣಿನ ನೇರ ಕವಲನ್ನು ತೋರಿಸುತ್ತದೆ. ಆದರೆ ಅದು ಹೆಸರು, ಊರು, ಇಸವಿ ಯಾವುದನ್ನೂ ಹೇಳದು. ನಿಮ್ಮ ಫ್ರೆಂಚ್ ಪೂರ್ವಜೆ ತಂದೆಯ ಕಡೆಯವಳಾಗಿದ್ದರೆ ನಿಮ್ಮ ಪರೀಕ್ಷೆಯಿಂದ ಅವಳ ಆ ಕವಲು ಕಾಣುವುದಿಲ್ಲ. ಮನರಂಜನೆಯ ಇಂಥ ಪರೀಕ್ಷೆಗೆ ಫ್ರಾನ್ಸಿನಲ್ಲಿ ನಿಷೇಧವಿರುವುದರಿಂದ ಅಲ್ಲಿನ ದೂರದ ನೆಂಟರು ಪರೀಕ್ಷಾ ಕಂಪನಿಗಳ ಪಟ್ಟಿಗಳಲ್ಲಿ ಕಡಿಮೆ.

ಪೌರತ್ವದ ಆಸೆಯಿಂದ ಹೊರಟಿದ್ದರೆ

ಮುತ್ತಜ್ಜಿ ಫ್ರೆಂಚ್ ಎಂದು ಸಾಬೀತಾದರೆ ಪಾಸ್‌ಪೋರ್ಟ್ ಸಿಗುತ್ತದೆ ಎಂಬ ಮಾತು ಚಾಲ್ತಿಯಲ್ಲಿದೆ. ಅಷ್ಟರಿಂದಲೇ ಸಿಗುವುದಿಲ್ಲ. 1962ರಲ್ಲಿ ಹಸ್ತಾಂತರದ ಒಪ್ಪಂದ ಜಾರಿಯಾದಾಗ ಈ ನೆಲೆಗಳಲ್ಲಿ ಹುಟ್ಟಿ ಅಲ್ಲೇ ವಾಸವಿದ್ದವರು ಫ್ರೆಂಚ್ ಪೌರತ್ವ ಉಳಿಸಿಕೊಳ್ಳಬೇಕಾದರೆ ಆರು ತಿಂಗಳೊಳಗೆ ಲಿಖಿತವಾಗಿ ತಿಳಿಸಬೇಕಿತ್ತು. ಹಾಗೆ ಮಾಡದವರು ಭಾರತದ ಪ್ರಜೆಗಳಾದರು. ತಲೆಮಾರುಗಳ ಹಿಂದಿನ ಪೂರ್ವಜೆಯನ್ನು ತೋರಿಸಿ ಪೌರತ್ವ ಕೊಡಿಸುತ್ತೇವೆಂದು ಹಣ ಕೇಳುವ ದಲ್ಲಾಳಿಗಳಿಂದ ದೂರವಿರಿ. ಅನುಮಾನವಿದ್ದರೆ ಫ್ರೆಂಚ್ ದೂತಾವಾಸವನ್ನೇ ನೇರವಾಗಿ ಕೇಳಿ.

ಇವತ್ತೇ ಶುರು ಮಾಡಿ

ಎಕ್ಸ್-ಆಂ-ಪ್ರೊವಾನ್ಸ್‌ನ ಕಾಗದಗಳು ಇನ್ನೂ ನೂರು ವರ್ಷ ಅಲ್ಲೇ ಇರುತ್ತವೆ, ಅವುಗಳಿಗೆ ಅವಸರವಿಲ್ಲ. ಅವಸರ ಇರುವುದು ಮನೆಯ ಹಿರಿಯರ ವಿಷಯದಲ್ಲಿ. ಮುತ್ತಜ್ಜಿಯ ತವರಿನ ಹೆಸರು ಬಲ್ಲ ಕೊನೆಯ ವ್ಯಕ್ತಿ ನಿಮ್ಮ ಎಂಬತ್ತರ ದೊಡ್ಡಮ್ಮನೇ ಆಗಿರಬಹುದು. ಜಾಲತಾಣ ತೆರೆಯುವ ಮೊದಲು ಈ ಭಾನುವಾರ ಅವರ ಮನೆಗೆ ಹೋಗಿ, ಕೇಳಿ, ಬರೆದುಕೊಳ್ಳಿ. ಬರೆದದ್ದರ ಒಂದು ಪ್ರತಿಯನ್ನು ಮನೆಯ ಮಕ್ಕಳಿಗೂ ಕೊಡಿ.